ಸೊಸೆಯೆಂಬ ಸೌಲಭ್ಯ

ಮನೆ ಆರೈಕೆ ನೆರವಿನ ತಪಾಸಣಾಧಿಕಾರಿಗಳಾದ ಶ್ರೀಮಾನ್ ಪ್ರವೀಣಕುಮಾರ್ ಅವರಿಗೂ, ಹರಪನಹಳ್ಳಿಯಲ್ಲಿರುವ ಅವರ ಮೇಜಿಗೂ, ಮೇಜಿನ ಮೇಲಿರುವ ಅವರ ಟ್ಯಾಬಿಗೂ ಕೊಟ್ಟೂರಿನ ಹೊಸ ಮದುಮಗಳ ನಮಸ್ಕಾರಗಳು.

ಮಾನ್ಯರೇ,

ನನಗೆ ಮದುವೆಯಾಯಿತು! ಇದು ತಮಗೆ ಗೊತ್ತಿಲ್ಲದ ಸುದ್ದಿಯೇನಲ್ಲ, ನಮ್ಮ ಹಂದರ ಬಿಚ್ಚುವ ಮೊದಲೇ ತಾವು ಅದರಡಿ ಕೂತು ಒಗ್ಗರಣೆ ಮಿರ್ಚಿ ತಿಂದು ಹೋಗಿದ್ದೀರಿ. ಆದರೂ ಯಾರಿಗೆ ಏನು ಬರೆಯಲು ಕೂತರೂ ನನ್ನ ಪೆನ್ನು ಮೊದಲು ಇದನ್ನೇ ಬರೆಯುತ್ತದೆ. ಮೊನ್ನೆ ಗ್ಯಾಸ್ ಏಜೆನ್ಸಿಗೆ ವಿಳಾಸ ಬದಲಾವಣೆಗೆ ಬರೆದ ಅರ್ಜಿಯೂ ಹೀಗೇ ಶುರುವಾಗಿ, ಅಲ್ಲಿಯ ಗುಮಾಸ್ತರು ಸೀಲು ಒತ್ತುವುದರ ಜೊತೆಗೆ "ಶುಭವಾಗಲಿ" ಎಂದೂ ಬರೆದುಕೊಟ್ಟರು. ತಾವೂ ಓದುವುದನ್ನು ಒಂದು ಕ್ಷಣ ನಿಲ್ಲಿಸಿ ಅಷ್ಟು ಹೇಳಿಬಿಟ್ಟರೆ ಮುಂದಿನ ವಿಷಯಕ್ಕೆ ಹೋಗಲು ನನಗೆ ಅನುಕೂಲ.

ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ನಮ್ಮ ಶಾಲೆಯಲ್ಲಿ ಕಲಿಸಿದ್ದ ಕನ್ನಡ ಪತ್ರಗಳು ಎರಡೇ ಬಗೆಯವು: ಜ್ವರ ಬಂದಿದ್ದಕ್ಕೆ ರಜೆ ಕೇಳುವುದು, ಅಜ್ಜಿಯ ಊರಿನಿಂದ ಗೆಳತಿಗೆ ಕ್ಷೇಮ ಸಮಾಚಾರ ಬರೆಯುವುದು. ಸರ್ಕಾರಕ್ಕೆ ಬರೆಯುವ ಕನ್ನಡವನ್ನು ನಾನು ಕಲಿತದ್ದೇ ತಾವು ಕಳಿಸಿದ ಆದೇಶದಿಂದ. ಎಷ್ಟು ಸೊಗಸಾದ ಭಾಷೆ! "ಸದರಿ", "ಮೇಲ್ಕಾಣಿಸಿದ", "ಪರಿಗಣಿಸಲಾಗಿ". ನಮ್ಮ ಯಜಮಾನರಿಗೆ (ಈ ಶಬ್ದ ಬರೆಯುವಾಗೆಲ್ಲ ನನಗೆ ನಗು ಬರುತ್ತದೆ, ಕ್ಷಮಿಸಿ) ನಾನು ಈಗ "ಸದರಿ ಚಹಾ ತಣ್ಣಗಾಗುತ್ತಿರುವುದನ್ನು ಪರಿಗಣಿಸಿ" ಎಂದೇ ಹೇಳುವುದು. ಈ ಪತ್ರದಲ್ಲಿ ಏನಾದರೂ ತಪ್ಪಿದ್ದರೆ ಅದು ನನ್ನದು, ಚೆನ್ನಾಗಿದ್ದರೆ ಅದು ನಾನು ತಮ್ಮ ಶಿಷ್ಯೆಯೆಂಬ ಕಾರಣಕ್ಕೆ.

ಈ ಪತ್ರವನ್ನು ತಮ್ಮ ಜೊತೆಗೆ ಬೇರೆಯವರೂ ಓದಲಿ ಎಂಬ ಆಸೆಯಿರುವುದರಿಂದ, ನಮ್ಮ ಮನೆಯ ಪರಿಚಯ ಮಾಡಿಕೊಡುತ್ತೇನೆ. ನಮ್ಮ ಯಜಮಾನರಾದ ಗವಿಸಿದ್ದೇಶ್ ಅವರಿಗೆ ಕೊಟ್ಟೂರಿನ ಪೇಟೆಯಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿಯಿದೆ. ನಾನು ಹಗರಿಬೊಮ್ಮನಹಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ, ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ನಮ್ಮ ಅತ್ತೆ ಶಿವಬಸಮ್ಮನವರು ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮೂಳೆ ಕೂಡಿತು, ಕಾಲು ಮಾತ್ರ ಮಾತು ಕೇಳಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಅವರನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕು. ಬೆಳಿಗ್ಗೆ ಮತ್ತು ರಾತ್ರಿ ಆ ಕೆಲಸವನ್ನು ಮಗ ಮಾಡುತ್ತಾರೆ. ನಡುವಿನ ಹಗಲಿಗೆ ಪಕ್ಕದ ಓಣಿಯ ಅಂಜಿನಕ್ಕ ಬರುತ್ತಾರೆ. ಹಿರಿಯರನ್ನು ಮನೆಯಲ್ಲೇ ಇಟ್ಟು ನೋಡಿಕೊಳ್ಳುವವರಿಗೆ ತಮ್ಮ ಕಚೇರಿಯಿಂದ ಬರುತ್ತಿದ್ದ ತಿಂಗಳ ನೆರವು ಬಂದ ಹಾಗೆಯೇ ಅಂಜಿನಕ್ಕನ ಕೈಗೆ ಹೋಗುತ್ತಿತ್ತು. ಈ ಏರ್ಪಾಡಿನಲ್ಲಿ ಅಂಜಿನಕ್ಕನ ಮನೆಯ ಒಲೆಯೂ ಉರಿಯುತ್ತಿತ್ತು, ನಮ್ಮ ಅತ್ತೆಯವರ ಬಾಯಿಗೂ ಒಬ್ಬ ಜೊತೆಗಾರ್ತಿ ಸಿಕ್ಕಿದ್ದಳು. ದಿನವಿಡೀ ಇಬ್ಬರೂ ಜಗಳವಾಡುತ್ತಾರೆ. "ಏ ಅಂಜಿನಿ, ನೀ ನನ್ನ ಎತ್ತತಿಯೋ, ಜ್ವಾಳದ ಚೀಲ ಎತ್ತತಿಯೋ?" ಎಂದು ಇವರು, "ಚೀಲಾನಾ ಎತ್ತತೀನ್ರಿ ಅಕ್ಕಾರ, ಅದು ಬಾಯಿ ಮಾಡಲ್ಲ" ಎಂದು ಅವರು. ನಮ್ಮ ಮನೆಯ ರೇಡಿಯೋ ಇದು.

ಈ ಸುಖದ ನಡುವೆ, ನಮ್ಮ ಮದುವೆಯ ಮೂರನೆಯ ದಿನ, ವರ್ಷಕ್ಕೊಮ್ಮೆಯ ಮರುತಪಾಸಣೆಗೆ ತಾವು ಬರುತ್ತೀರೆಂದು ಫೋನು ಬಂತು.

ಮಾನ್ಯರೇ, ತಾವು ಬಂದಾಗ ಏನು ನೋಡಿದಿರೋ ಅದು ತಮ್ಮ ಟ್ಯಾಬಿನಲ್ಲಿದೆ. ತಾವು ಬರುವ ಮೊದಲು ನಡೆದದ್ದು ಅದರಲ್ಲಿ ಇಲ್ಲವಾದ್ದರಿಂದ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. "ಸಾಹೇಬ್ರು ಬರ್ತಾರಂತ" ಎಂದು ಕೇಳಿದ್ದೇ ತಡ, ಅತ್ತೆಯವರು ಮಂಚದ ಮೇಲಿಂದಲೇ ಆಜ್ಞೆಗಳನ್ನು ಹೊರಡಿಸಿದರು. ಅವರ ಮಲದ ಬೋಗುಣಿ ಹಿತ್ತಲಿಗೆ ಹೋಯಿತು. ಹಾಸಿಗೆಯ ಮೇಲಿನ ರಬ್ಬರ್ ಶೀಟು ಮಡಚಿ ಅಟ್ಟ ಸೇರಿತು. ನಡುಮನೆಯಲ್ಲಿದ್ದ ಮಂಚವೇ ಹಿಂದಿನ ಕೋಣೆಗೆ ಹೋಯಿತು. "ಹಂದರದಾಗ ಮಾವಿನ ತೋರಣ ಐತಿ, ಹೊಸ ಸೊಸಿ ಅದಾಳ, ಇಂಥದ್ರಾಗ ಬಂದ ಮನಷ್ಯಾಗ ಬೋಗುಣಿ ತೋರಿಸ್ತೀರೇನು?" ಎಂದರು. ನನ್ನ ಮದುವೆಗೆ ಬಂದ ಪೌಡರಿನ ಡಬ್ಬಿ ತರಿಸಿಕೊಂಡರು, ಹಣೆಗೆ ವಿಭೂತಿ ಇಟ್ಟುಕೊಂಡರು, ಬೀಗರು ಉಡಿಸಿದ ರೇಷ್ಮೆ ಸೀರೆ ಉಡಿಸಿಕೊಂಡರು. ಈಗ ಕೂರುವುದೆಲ್ಲಿ? ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರಿಗೆ ಆಸರೆ ಸಾಲುವುದಿಲ್ಲ, ವಾಲಿಬಿಡುತ್ತಾರೆ. ಆಗ ಅಂಜಿನಕ್ಕನ ಕಣ್ಣಿಗೆ ಬಿದ್ದದ್ದು ಹಂದರದಡಿ ಇನ್ನೂ ಇದ್ದ ಮದುಮಕ್ಕಳ ಕುರ್ಚಿ.

ಕೆಂಪು ಮಖಮಲ್ಲು, ಬಂಗಾರದ ಬಣ್ಣದ ಸಿಂಹದ ಕೈಗಳು, ಹಿಂದೆ ನವಿಲಿನ ಗರಿಯಂತೆ ಬಿಚ್ಚಿಕೊಂಡ ಬೆನ್ನು. ಆರತಕ್ಷತೆಯ ದಿನ ನಾನೂ ನಮ್ಮ ಯಜಮಾನರೂ ಕೂತದ್ದು ಅದರ ಮೇಲೆಯೇ. ಶಾಮಿಯಾನದ ದುರುಗೇಶ್ ಅವರ ಗಾಡಿ ಕೆಟ್ಟು, ಕುರ್ಚಿ ವಾಪಸ್ ಹೋಗುವುದು ತಡವಾಗಿತ್ತು. ಅತ್ತೆಯವರನ್ನು ಎತ್ತಿ ತಂದು ಅದರಲ್ಲಿ ಕೂರಿಸಿ, ಎರಡೂ ಪಕ್ಕಕ್ಕೆ ತಲೆದಿಂಬು ಸಿಕ್ಕಿಸಿ, ಮೇಲೆ ಸೆರಗು ಹರಡಿದೆವು. ಎಷ್ಟು ಚಂದ ಕಾಣುತ್ತಿದ್ದರೆಂದರೆ ನಾನು ಒಂದು ಸೆಲ್ಫಿಯನ್ನೂ ತೆಗೆದುಕೊಂಡೆ. ಅಷ್ಟರಲ್ಲಿ ತಮ್ಮ ಬೈಕು ಬಂತು.

"ಆರಾಮ ಅದೀರೇನ್ರಿ ಅಮ್ಮಾರ?" ಎಂದು ತಾವು ಕೇಳಿದಿರಿ.

"ಬರ್ರಿ ಸಾಹೇಬ್ರ, ಕುಂದ್ರಿ. ಆರಾಮ ಅದೀನ್ರಿ. ದೇವ್ರು ಏನೂ ಕಡಿಮಿ ಮಾಡಿಲ್ಲ."

"ಓಡಾಡ್ತೀರಿ?"

"ಮನಿತುಂಬ ಮಂದಿ ಅದಾರ, ನಾ ಯಾಕ್ರಿ ಓಡಾಡ್ಲಿ!"

ಅಂಜಿನಕ್ಕ ಬಾಗಿಲ ಬಳಿ ನಿಂತು, "ಸಾಹೇಬ್ರ, ಅಕ್ಕಾರನ್ನ ಒಮ್ಮೆ ಎದ್ದು ನಿಂದ್ರಾಕ ಹೇಳ್ರಿ" ಎಂದು ಶುರುಮಾಡಿದ್ದನ್ನು ತಾವು ಕೇಳಿರಬಹುದು. "ಏ ಅಂಜಿನಿ, ಒಳಗ ಹಾಲು ಉಕ್ಕತೈತಿ ನೋಡು" ಎಂದು ಅತ್ತೆಯವರು ಹೇಳಿದ್ದನ್ನೂ ಕೇಳಿರಬಹುದು. ಒಲೆಯ ಮೇಲೆ ಹಾಲು ಇರಲಿಲ್ಲ, ಸರ್. ನಾನು ಬಾಯಿ ತೆರೆದೆ. ಅತ್ತೆಯವರು ನನ್ನ ಕಡೆಗೊಂದು ನೋಟ ಬೀರಿದರು, ಬಾಯಿ ಮುಚ್ಚಿಕೊಂಡೆ. ಮೂರು ದಿನದ ಸೊಸೆಗೆ ಅಷ್ಟು ನೋಟ ಸಾಕು. ಕಡೆಗೆ ತಾವು ಟ್ಯಾಬಿನ ಮೇಲೆ ಬೆರಳಿಟ್ಟುಕೊಂಡು, "ನಿಮ್ಮನ್ನ ನೋಡ್ಕಳ್ಳೋರು ಯಾರದಾರ್ರಿ ಈಗ?" ಎಂದು ಕೇಳಿದಿರಿ. ಅವರು ನನ್ನ ಕಡೆ ಕೈಮಾಡಿ, "ನೋಡ್ರಿ, ಬಂಗಾರದಂಥ ಸೊಸಿ ಬಂದಾಳ" ಎಂದರು. ಆ ಮಾತು ಕೇಳಿ ನಾನು ಕೆಂಪುಕೆಂಪಾಗಿ ಅಡುಗೆಮನೆಗೆ ಓಡಿದೆ. ತಾವು ಟ್ಯಾಬಿನ ಮೇಲಿದ್ದ ಬೆರಳನ್ನು ಒತ್ತಿದಿರಿ. ಮಿರ್ಚಿ ತರಲು ಹೋಗಿದ್ದ ನಮ್ಮ ಯಜಮಾನರು ಬಿಸಿಬಿಸಿ ಪೊಟ್ಟಣ ಹಿಡಿದು ಬರುವ ಹೊತ್ತಿಗೆ ಸರ್ಕಾರಿ ಕೆಲಸವೆಲ್ಲ ಮುಗಿದು, ತಿನ್ನುವುದಷ್ಟೇ ಬಾಕಿ ಇತ್ತು.

ತಮ್ಮ ಆದೇಶ ಬಂದ ದಿನ ನಮ್ಮ ಮನೆಯಲ್ಲಿ ಸಂಭ್ರಮವೋ ಸಂಭ್ರಮ. "ಫಲಾನುಭವಿಯು ಸುಖಾಸೀನರಾಗಿದ್ದು, ಆರೋಗ್ಯವಂತರಾಗಿ ಕಂಡುಬಂದಿರುತ್ತಾರೆ. ಸದರಿಯವರ ಮನೆಗೆ ಸೊಸೆಯ ಆಗಮನವಾಗಿರುವುದರಿಂದ ಆರೈಕೆಯ ಅಗತ್ಯವು ಪೂರೈಕೆಯಾಗಿರುವುದನ್ನು ಪರಿಗಣಿಸಿ ನೆರವನ್ನು ನಿಲ್ಲಿಸಲಾಗಿದೆ." ನನ್ನ ಆಗಮನವನ್ನು ನಮ್ಮ ಬಂಧುಗಳು ಆರತಿ ಎತ್ತಿ, ಅಕ್ಕಿಯ ಸೇರು ಒದೆಸಿ ಆಚರಿಸಿದ್ದರು. ಆದರೆ ಅದಕ್ಕೆ ಆದೇಶ ಸಂಖ್ಯೆ ಕೊಟ್ಟು, ಮೊಹರು ಒತ್ತಿ ಕಳಿಸಿದ್ದು ತಾವೊಬ್ಬರೇ. ನನ್ನ ಜೊತೆ ಓದಿದ ಗೆಳತಿಯರಲ್ಲಿ ಒಬ್ಬಳು ಡಾಕ್ಟರು, ಒಬ್ಬಳು ಬ್ಯಾಂಕಿನಲ್ಲಿ ಅಧಿಕಾರಿ. ಸರ್ಕಾರದ ಸೌಲಭ್ಯವೇ ಆಗಿಹೋದವಳು ನಾನೊಬ್ಬಳೇ. ನಮ್ಮ ಅಮ್ಮನಿಗೆ ಫೋನು ಮಾಡಿ ಹೇಳಿದೆ. "ಪರ್ಮನೆಂಟ್ ಏನು?" ಎಂದು ಕೇಳಿದರು. ಖಂಡಿತ ಪರ್ಮನೆಂಟ್ ಎಂದೆ, ತಾಳಿ ಕಟ್ಟಿದ್ದಾರೆ.

ಈಗ ಸೌಲಭ್ಯವಾಗಿ ನನ್ನ ಕೆಲವು ಪುಟ್ಟ ಬೇಡಿಕೆಗಳು. ನಾನು ಬೆಳಿಗ್ಗೆ ಬಸ್ಸು ಹತ್ತಿ ಶಾಲೆಗೆ ಹೋದಾಗ ಸೌಲಭ್ಯವು ಕೊಟ್ಟೂರಿನಲ್ಲಿ ಇರುವುದೋ, ಹಗರಿಬೊಮ್ಮನಹಳ್ಳಿಯಲ್ಲಿ ಇರುವುದೋ ದಯವಿಟ್ಟು ಸ್ಪಷ್ಟಪಡಿಸಬೇಕು. ಎರಡೂ ಕಡೆ ಇರಬೇಕೆಂದು ತಮ್ಮ ಅಭಿಪ್ರಾಯವಾದರೆ ನನ್ನದೊಂದು ನಕಲು ಪ್ರತಿಯನ್ನು ದೃಢೀಕರಿಸಿ ಕಳಿಸಿಕೊಡಬೇಕು. ಸರ್ಕಾರದ ಬೋರ್‌ವೆಲ್ಲಿಗೂ ಬಸ್ ನಿಲ್ದಾಣಕ್ಕೂ ಉದ್ಘಾಟನೆ ಇರುವಾಗ ನನಗೂ ಒಂದು ರಿಬ್ಬನ್ನು ಕಟ್ಟಬೇಕು, ಕತ್ತರಿಯನ್ನು ಅತ್ತೆಯವರ ಕೈಗೇ ಕೊಟ್ಟರೆ ನನ್ನ ಆಕ್ಷೇಪವಿಲ್ಲ. ಇನ್ನು ಹಡಗಲಿಯಲ್ಲಿ ನಮ್ಮ ಯಜಮಾನರ ಗೆಳೆಯ ಗುರುಬಸವರಾಜ ಅವರ ತಂದೆ ಲಕ್ವ ಹೊಡೆದು ಮಲಗಿದ್ದಾರೆ. ಅವರ ಮನೆಗೆ ತಮ್ಮ ನೆರವಂತೂ ಬಂದಿಲ್ಲ. ಗುರುಬಸವರಾಜರು ಕೂಡ್ಲಿಗಿಯಿಂದ ಹಂಪಸಾಗರದವರೆಗೆ ಹೆಣ್ಣು ನೋಡಿ ನೋಡಿ ಚಪ್ಪಲಿ ಸವೆಸಿದ್ದಾರೆ, ಹೆಣ್ಣಿನ ಕಡೆಯವರು ಮಂಚದ ಮೇಲಿನ ತಂದೆಯನ್ನು ನೋಡಿ ಚಹಾ ಕುಡಿದು ಎದ್ದುಹೋಗುತ್ತಾರೆ. ನೆರವಿನ ಬದಲು ಸೊಸೆ ಸಾಕೆಂದು ಕಂಡುಹಿಡಿದವರು ತಾವು. ಆದ್ದರಿಂದ ತಮ್ಮ ಕಚೇರಿಯಿಂದಲೇ ಅವರಿಗೊಂದು ಸೊಸೆಯನ್ನು ಮಂಜೂರು ಮಾಡಿ, ಸಾಧ್ಯವಾದರೆ ಕುಪ್ಪಸ ಹೊಲಿಯಲು ಬರುವವಳನ್ನು, ಶ್ರಾವಣದೊಳಗೆ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಒಂದು ವಿಷಯದಲ್ಲಿ ಮಾತ್ರ ಈ ಸೌಲಭ್ಯವು ಕೆಟ್ಟು ನಿಂತಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ನಮ್ಮ ಅತ್ತೆಯವರು ಭಾನುವಾರ ಉಪವಾಸ ಮಾಡುತ್ತಾರೆಂದು ನಾನು ತಿಳಿದಿದ್ದೆ. ಭಾನುವಾರ ಅಂಜಿನಕ್ಕನಿಗೆ ರಜೆ, ಮೋಟರು ರಿಪೇರಿಗೆ ನಮ್ಮ ಯಜಮಾನರು ಹೊಲಗಳ ಕಡೆ ಹೋಗುವ ದಿನ, ಮನೆಯಲ್ಲಿ ನಾನೊಬ್ಬಳೇ. ಅಂದು ಅತ್ತೆಯವರು ಅರ್ಧ ರೊಟ್ಟಿಯ ಮೇಲೆ ತಿನ್ನುವುದಿಲ್ಲ, ಕೊಟ್ಟ ನೀರನ್ನೆಲ್ಲ ಕುಡಿದೆನೆಂದು ಖಾಲಿ ಚೊಂಬು ತೋರಿಸುತ್ತಾರೆ. ಎಂಥ ದೈವಭಕ್ತಿ ಎಂದು ನಾನು ಶಾಲೆಯ ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ಬಂದೆ. ಆಮೇಲೊಂದು ಭಾನುವಾರ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳಿಗೆ ಅವರ ಮಂಚದ ಪಕ್ಕದ ಕಿಟಕಿಯ ಕೆಳಗಿನ ಕರಿಬೇವಿನ ಗಿಡ ಕಂಡಿತು. ಉರಿಬಿಸಿಲಿನಲ್ಲಿ ಅದೊಂದೇ ಗಿಡ ಬುಡ ಒದ್ದೆಯಾಗಿ ಹಸಿರು ಚಿಮ್ಮುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಕಿಟಕಿಯ ಸರಳಿನೊಳಗಿಂದ ಚೊಂಬು ಹೊರಬಂದು, ನಿಧಾನವಾಗಿ ಬಾಗಿತು.

"ಯಾಕತ್ತಿ?" ಎಂದೆ.

"ಕುಡುದ್ರ ಆಮ್ಯಾಲೆ ಎದ್ದು ಹೋಗ್ಬೇಕಲ್ಲವ್ವಾ" ಎಂದರು. "ನಿನ್ನ ಕೈಯಾಗಿನ ಹಸಿರು ಬಳಿ ಇನ್ನಾ ಮಾಸಿಲ್ಲ. ನಿನ್ನ ಕೈಲೆ ಅದನ್ನೆಲ್ಲ ಹೆಂಗ ಮಾಡಿಸ್ಕಳ್ಳಲಿ? ನಾಚ್ಕಿ ಆಗತೈತಿ."

ನಾನು ಮಾಡುತ್ತೇನೆ ಅತ್ತೆ, ನನಗೇನೂ ಅನಿಸುವುದಿಲ್ಲ ಎಂದೆ. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ.

"ನೀ ಮಾಡ್ತಿ, ನನಿಗೆ ಗೊತ್ತೈತಿ. ನಾ ಮಾಡಿಸ್ಕಳ್ಳಲ್ಲ."

ಮಾನ್ಯರೇ, ಸೌಲಭ್ಯವು ಸಿದ್ಧವಿದೆ, ಫಲಾನುಭವಿ ಒಪ್ಪುತ್ತಿಲ್ಲ. ಅಂಜಿನಕ್ಕನ ಮುಂದೆ ಅವರಿಗೆ ನಾಚಿಕೆಯಿಲ್ಲ. ಅವಳಿಗೆ ಬೈಯಬಹುದು, ಬೈಸಿಕೊಳ್ಳಬಹುದು, ಕೆಲಸದ ಕೂಲಿ ಅವಳ ಕೈಗೆ ಬೀಳುತ್ತದೆಂಬ ನೆಮ್ಮದಿಯೂ ಇದೆ. ಹೊಸ ಸೊಸೆಯ ಮುಂದೆ ಅವರು ಇನ್ನೂ ಅತ್ತೆಯಾಗಿ ಇರಬೇಕು. ಆ ಆಸೆ ಅವರಿಗೆ ಇರಬಾರದೆಂದು ತಮ್ಮ ಆದೇಶದಲ್ಲಿ ಎಲ್ಲೂ ಬರೆದಿಲ್ಲವಾದ್ದರಿಂದ ನಾನೂ ಒತ್ತಾಯ ಮಾಡಿಲ್ಲ.

ನೆರವು ನಿಂತ ಮೇಲೂ ಅಂಜಿನಕ್ಕ ಬರುವುದನ್ನು ನಿಲ್ಲಿಸಲಿಲ್ಲ. ನಮ್ಮ ಯಜಮಾನರು ಅಂಗಡಿಯಿಂದ, ನಾನು ನನ್ನ ಸಂಬಳದಿಂದ ಆದಷ್ಟು ಸೇರಿಸಿ ಕೊಡುತ್ತಿದ್ದೇವೆ, ಅದು ಸಾಲದೆಂದು ನಮಗೂ ಗೊತ್ತು, ಅವರಿಗೂ ಗೊತ್ತು. "ಮೆಕ್ಕೆಜ್ವಾಳ ಕೊಯ್ಲು ಶುರುವಾಗಾತನ ಬರ್ತೀನವ್ವಾ, ಆಮ್ಯಾಲೆ ನಾನೂ ಹೊಟ್ಟಿ ನೋಡ್ಕಬೇಕು" ಎಂದಿದ್ದಾರೆ. ಹೊಲಗಳಲ್ಲಿ ತೆನೆಗಳು ಈಗಾಗಲೇ ಒಣಗಿ ಬಾಗಿವೆ. ಕೊಯ್ಲು ಶುರುವಾದರೆ ವಾರದ ಎಲ್ಲ ದಿನವೂ ನಮ್ಮ ಮನೆಯಲ್ಲಿ ಭಾನುವಾರ. ಕರಿಬೇವಿನ ಗಿಡ ಮರವಾಗುತ್ತದೆ, ನಮ್ಮ ಅತ್ತೆಯವರು ಏನಾಗುತ್ತಾರೋ ನನಗೆ ಯೋಚಿಸಲು ಇಷ್ಟವಿಲ್ಲ.

ತಮ್ಮ ಆದೇಶವನ್ನು ಅವರಿಂದ ಮುಚ್ಚಿಟ್ಟಿದ್ದೆವು. ಮೊನ್ನೆ, "ಅಂಜಿನಿ ಯಾಕ ಮಕ ಸಣ್ಣದು ಮಾಡ್ಯಾಳ?" ಎಂದು ಕೇಳಿ ಕೇಳಿ, ಕಡೆಗೆ ನನ್ನಿಂದಲೇ ಓದಿಸಿದರು. ಸರ್ಕಾರಿ ಕನ್ನಡ ಅವರಿಗೆ ಅರ್ಥವಾಗಲಿಲ್ಲ. "ಸೊಸೆ ಬಂದಿದ್ದಾಳೆ, ಅವಳೇ ಮಾಡಲಿ, ದುಡ್ಡು ಕೊಡುವುದಿಲ್ಲ ಎಂದು ಬರೆದಿದ್ದಾರೆ ಅತ್ತೆ" ಎಂದು ಬಿಡಿಸಿ ಹೇಳಿದೆ. ಅತ್ತೆಯವರು ಮಂಚದ ಪಟ್ಟಿ ಹಿಡಿದು ತಲೆ ಎತ್ತಿದರು.

"ನಾ ನನ್ನ ಮಗನಿಗೆ ಹೇಣ್ತಿ ತಂದೀನಿ. ಸರ್ಕಾರಕ್ಕ ಆಳು ತಂದಿಲ್ಲ."

ಸರ್, ನಮ್ಮ ಮದುವೆಯಲ್ಲಿ ಎಷ್ಟೋ ಜನ ಆಶೀರ್ವಾದ ಮಾಡಿದರು. ನನಗೆ ನೆನಪಿರುವುದು ಇದೊಂದೇ.

"ಅವತ್ತು ಆರಾಮ ಅದೀನಿ ಅಂತ ಯಾಕ ಹೇಳಿದೆವ್ವಾ?" ಎಂದು ಮಗ ಕೇಳಿದರು. "ಮನಿಗೆ ಬಂದೋರ ಮುಂದ ಇಲ್ಲ ಅಂತಾರೇನಲೇ? ಚಾ ಕೊಟ್ಟು, ಕೈಯೊಡ್ಡಿ ಕೇಳ್ಬೇಕಿತ್ತೇನು?" ಎಂದರು. ಆಮೇಲೆ ಅವರಿಗೇ ಏನೋ ಹೊಳೆಯಿತು. "ಅವ್ನ ಆಫೀಸಿಗೆ ನಾ ಹೋದ್ರ? ಅಲ್ಲಿ ನಾ ಮನಿಯಾಕಿ ಅಲ್ಲ, ಬಂದಾಕಿ. ಬಂದಾಕಿ ಕೇಳಬೌದು. ಇಲ್ಲ ಅನ್ನಾಕ ಅವ್ನಿಗೆ ನಾಚ್ಕಿ ಆಗ್ಲಿ."

"ರೈಲಿನ ಮೆಟ್ಲು ಹೆಂಗ ಹತ್ತತಿ?"

"ನೀ ಹೊತ್ರ ಹತ್ತತೀನಿ. ನಿನ್ನ ನಾ ಹೊತ್ತಿಲ್ಲೇನು?"

ಹೀಗೆ ನಮ್ಮ ಪ್ರಯಾಣ ನಿಶ್ಚಯವಾಗಿದೆ. ಕಾರಿನಲ್ಲಿ ಸೊಂಟ ಮಡಚಲು ಬರುವುದಿಲ್ಲ, ರೈಲಿನಲ್ಲಾದರೆ ಉದ್ದ ಸೀಟಿನ ಮೇಲೆ ಮಲಗಿ ಬರಬಹುದು. ಹರಪನಹಳ್ಳಿ ನನ್ನ ತವರು. ಮದುವೆಯ ನಂತರ ಮೊದಲ ಸಲ ತವರಿಗೆ ಬರುವ ಹುಡುಗಿ ಸಾಮಾನ್ಯವಾಗಿ ಗಂಡನ ಪಕ್ಕ ಕೂತು, ಉಂಡೆಯ ಬುಟ್ಟಿ ಹಿಡಿದು ಬರುತ್ತಾಳೆ. ನಾನು ಅತ್ತೆಯವರ ಕಾಲು ತೊಡೆಯ ಮೇಲಿಟ್ಟುಕೊಂಡು, ರಬ್ಬರ್ ಶೀಟು ಮತ್ತು ಬೋಗುಣಿಯ ಚೀಲ ಹಿಡಿದು ಬರುತ್ತೇನೆ. ಸ್ಟೇಷನ್ನಿಗೆ ನಮ್ಮ ಅಮ್ಮ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ತರುತ್ತಾರೆ. ತಮಗೂ ಪಾಲಿದೆ.

ತಮ್ಮ ಕಚೇರಿ ಮೊದಲ ಮಹಡಿಯಲ್ಲಿದೆಯೆಂದೂ ಲಿಫ್ಟು ಇಲ್ಲವೆಂದೂ ವಿಚಾರಿಸಿ ತಿಳಿದುಕೊಂಡಿದ್ದೇನೆ. ನಡೆಯಲಾರದವರಿಗೆ ನೆರವು ಕೊಡುವ ಕಚೇರಿಯನ್ನು ಮೆಟ್ಟಿಲ ಮೇಲೆ ಇಟ್ಟಿರುವುದು ಅರ್ಜಿಗಳ ಸಂಖ್ಯೆಯನ್ನು ಹಿಡಿತದಲ್ಲಿಡಲು ಎಷ್ಟು ಜಾಣ ಉಪಾಯ! ಅಂದು ಒಂದು ದಿನದ ಮಟ್ಟಿಗೆ ಕಚೇರಿಯನ್ನು ಕೆಳಗಿಳಿಸಲು ಸಾಧ್ಯವಾದರೆ ಉಪಕಾರ. ಆಗದಿದ್ದರೆ ಎತ್ತಿಕೊಂಡೇ ಹತ್ತುತ್ತೇವೆ. ಬೆನ್ನಿಗೆ ಮಗ ಕೈಕೊಡುತ್ತಾರೆ, ಸೊಂಟಕ್ಕೆ ಅಂಜಿನಕ್ಕ. ಮೊಣಕಾಲಿನ ಕೆಳಗಿನ ಜಾಗ ಖಾಲಿಯಿದೆ. ಸೌಲಭ್ಯವಾದ ನಾನೇ ಅಲ್ಲಿ ಕೈಹಾಕಬಹುದಿತ್ತು, ಆದರೆ ಅತ್ತೆಯವರು ಅದನ್ನು ಸಾಹೇಬರಾದ ತಮಗೆಂದೇ ಕಾದಿರಿಸಿದ್ದಾರೆ. ಒಂದು ಸಲ ಎತ್ತಿ, ಮೇಲೆ ಮುಟ್ಟಿಸಿ, ಉಸಿರು ಸರಿಮಾಡಿಕೊಂಡು, ಆಮೇಲೆ ಟ್ಯಾಬಿನಲ್ಲಿ ತಮಗೆ ಏನು ಕಂಡುಬಂತೋ ಅದನ್ನೇ ಬರೆಯಿರಿ. ನಾವು ಏನೂ ಹೇಳುವುದಿಲ್ಲ.

ತಮ್ಮ ಕಡತದಲ್ಲಿ ಸೌಲಭ್ಯವಾಗಿಯೂ, ಅತ್ತೆಯವರ ಬಾಯಲ್ಲಿ ಸೊಸೆಯಾಗಿಯೂ ಇರುವ
ತಮ್ಮ ವಿಶ್ವಾಸಿ,
ಅರ್ಚನಾ ಗವಿಸಿದ್ದೇಶ್
(ಹೊಸ ಸಹಿ. ಇನ್ನೂ ಅಭ್ಯಾಸ ಮಾಡುತ್ತಿದ್ದೇನೆ.)

ಮರೆತ ಮಾತು: ಮಖಮಲ್ಲಿನ ಸಿಂಹಾಸನವನ್ನು ದುರುಗೇಶ್ ಅವರು ಒಯ್ದಿದ್ದಾರೆ, ಆದ್ದರಿಂದ ಅತ್ತೆಯವರಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಡಬೇಕಾಗುತ್ತದೆ. ಕಚೇರಿಯ ಶೌಚಾಲಯದ ಕೀಲಿಯನ್ನೂ ಹುಡುಕಿಸಿಟ್ಟಿರಿ. ಅಂಜಿನಕ್ಕ ಜೊತೆಗಿರುವ ಧೈರ್ಯದಲ್ಲಿ ಅತ್ತೆಯವರು ಅಂದು ಎರಡು ಚೊಂಬು ನೀರು ಕುಡಿದೇ ಮನೆ ಬಿಡುವುದಾಗಿ ಹೇಳಿದ್ದಾರೆ, ಕರಿಬೇವಿಗೆ ಒಂದು ಹನಿಯೂ ಇಲ್ಲ. ತಡಮಾಡಬೇಡಿ ಸರ್: ಬರುವ ಗುರುವಾರ, ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ಬೆಳಗಿನ ಪ್ಯಾಸೆಂಜರ್.